ಕಂಪನದ ಬೆನ್ನು ಹತ್ತಿದ ರಾಮನ್ನರು

ಸರ್ ಸಿ. ವಿ. ರಾಮನ್ನರ ಹೆಸರು ಕೇಳಿದೊಡನೆ ನಮಗೆಲ್ಲ ನೆನಪಾಗುವುದು ಬೆಳಕು. 1928ರ ‘ರಾಮನ್ ಪರಿಣಾಮ’, 1930ರ ನೊಬೆಲ್ ಪಾರಿತೋಷಕ ಲೋಕವಿದಿತವಾದುವು. ಆದರೆ ಅದಕ್ಕೂ ಮುನ್ನ ಅವರ ಮನಸ್ಸನ್ನು ಸೆಳೆದುದು ಪಿಟೀಲು, ವೀಣೆ, ತಬಲ, ಮೃದಂಗಗಳ ಕಂಪನ. ಆ ಮಾತನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. ಮದರಾಸಿನಲ್ಲಿ ವ್ಯಾಸಂಗ ಮುಗಿಸಿ, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿಯ ಲೆಕ್ಕಪತ್ರ; ಅದರ ಹಿಂದುಮುಂದಿನ ವೇಳೆಯಲ್ಲಿ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. 1917ರಲ್ಲಿ ವಿಶ್ವವಿದ್ಯಾನಿಲಯವು ಪ್ರಾಧ್ಯಾಪಕ ಪದವಿಗೆ ಕರೆದಾಗ, ಹೆಚ್ಚು ಸಂಬಳದ ಸರ್ಕಾರಿ ಹುದ್ದೆಯನ್ನೇ ತ್ಯಜಿಸಿದರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಹೊಸಿಲು ತುಳಿದವನು ನಾನೇ ಮೊದಲಿಗ. ಓದು ಮುಗಿದೊಡನೆ ಒಂದು ಗುಮಾಸ್ತೆ ಕೆಲಸ ಸಿಕ್ಕೀತೆಂದು ಮನೆಯವರು ಎದುರು ನೋಡುತ್ತಿದ್ದಾರೆ. ಆದುದರಿಂದ ಈ ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ.

ಬೇಲೂರು, ಹಳೇಬೀಡುಗಳಲ್ಲಿ ಮದ್ದಳೆ ಬಾರಿಸುವ ಶಿಲ್ಪಗಳನ್ನು ನಾವು ಕಂಡಿದ್ದೇವೆ. ಬರಿಯ ಚರ್ಮ ಬಿಗಿದ ವಾದ್ಯದಲ್ಲಿ ಏಳುವ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗದ ನಡುವೆ ಬಳಿದ ಕಪ್ಪು ಲೇಪವಾದರೋ ಚರ್ಮಕ್ಕೆ ತಕ್ಕ ಭಾರ ಕೊಟ್ಟು, ಆ ಸ್ವರಗಳನ್ನು ತಂತಿಯ ಸ್ವರಗಳಂತೆ ಒಂದು, ಎರಡು, ಮೂರರ ಲೆಕ್ಕಕ್ಕೆ ತರುತ್ತದೆ. 1920ರಲ್ಲಿ ರಾಮನ್ನರು ಇದನ್ನು ಪ್ರಕಟಿಸಿದರು. ಮುಂದೆ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಅಲುಗದೆ ನಿಲ್ಲುವ ರೇಖೆಗಳನ್ನು ಕಣ್ಣಿಗೆ ಕಾಣಿಸಿದರು. ಹೆಸರು ಉಳಿಯದ ಕುಶಲಿಗಳ ಜಾಣ್ಮೆಗೆ ವಿಜ್ಞಾನದ ಸಾಕ್ಷಿ ದೊರೆಯಿತು.

1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಅಲ್ಲಿ ಅವರ ಬಳಿ ವಿಶ್ವಕಿರಣಗಳ ಅಭ್ಯಾಸ ಮಾಡಿದ ವಿಕ್ರಮ ಸಾರಾಭಾಯಿಯವರೇ ಮುಂದೆ ಭಾರತದ ಅಂತರಿಕ್ಷ ಕಾರ್ಯಕ್ಕೆ ತಳಹದಿ ಹಾಕಿದರು. ರಾಮನ್ನರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ನಮ್ಮ ಅರಸೀಕೆರೆಗೆ ಹತ್ತಿರದ ಹಾಸನದಲ್ಲಿ 1982ರಲ್ಲಿ ಉಪಗ್ರಹಗಳ ನಿಯಂತ್ರಣ ಕೇಂದ್ರ ಆರಂಭವಾಯಿತು. ಉಪಗ್ರಹವನ್ನು ಬೇಕಾದತ್ತ ತಿರುಗಿಸಲು ಅದರೊಳಗೆ ಚಕ್ರಗಳು ಸುತ್ತುತ್ತವೆ. ಚಕ್ರದ ತೂಕ ಕೂದಲೆಳೆಯಷ್ಟು ಓರೆಯಾದರೂ ನಡುಕವುಂಟಾಗಿ ಕ್ಯಾಮರದ ಚಿತ್ರ ಮಸುಕಾದೀತು. ಆದಕಾರಣ ಹಾರಿಸುವ ಮೊದಲೇ ಚಕ್ರವನ್ನು ಬಲ ಅಳೆಯುವ ಪೀಠದ ಮೇಲಿಟ್ಟು, ಯಾವ ವೇಗಕ್ಕೆ ಎಷ್ಟು ನಡುಕವೆಂದು ಗೊತ್ತುಮಾಡುತ್ತಾರೆ. ಅದು ಉಪಗ್ರಹದ ಸಹಜ ಕಂಪನದೊಡನೆ ಕೂಡಿದರೆ ನಡುಕ ಹೆಚ್ಚುತ್ತದೆ. ರಾಮನ್ನರು ಉಪಗ್ರಹ ಕಟ್ಟಿದವರಲ್ಲ. ಆದರೆ ಒಂದು ವಸ್ತು ಸಹಜವಾಗಿ ಹೇಗೆ ಕಂಪಿಸುತ್ತದೆಂಬ ಅವರ ಪ್ರಶ್ನೆಯೇ ಇಲ್ಲಿಯದೂ ಆಗಿದೆ.

ಹುದ್ದೆ ಬಿಡುವ ಧೈರ್ಯ ಎಲ್ಲರಿಗೂ ಬಾರದು. ಮನೆಯ ಋಣ ದೊಡ್ಡದು. ಆದರೆ ಬಿಡುವ ಮುನ್ನಿನ ಹತ್ತು ವರ್ಷ ಅವರು ಕಚೇರಿಯನ್ನೂ ನಡೆಸಿದರು, ಪ್ರಯೋಗವನ್ನೂ ಬಿಡಲಿಲ್ಲ. ಗುಮಾಸ್ತನಿಗೂ ಸಂಜೆಯೆಂಬುದುಂಟು. ಆ ಸಂಜೆಯನ್ನು ಕಳೆದುಕೊಳ್ಳದಿರಲು ನಾನು ನಿಶ್ಚಯಿಸಿದ್ದೇನೆ.