ಒಲ್ಲೆನೆಂದ ಕವಯಿತ್ರಿ: ಕ್ರಿಸ್ಟಿನಾ ರೊಸೆಟ್ಟಿ

ಪ್ರೇಮಕಾವ್ಯದಲ್ಲಿ ಹೆಣ್ಣು ಬಹುಕಾಲ ವರ್ಣನೆಯ ವಸ್ತುವಾಗಿದ್ದಳು, ನುಡಿಯುತ್ತಿದ್ದವನು ಗಂಡು. ಅವನ ಬೇಡಿಕೆಗೆ ಆಕೆ ಏನೆಂದು ಉತ್ತರಿಸಿದಳೆಂಬುದು ಹೆಚ್ಚಾಗಿ ಕಾವ್ಯದ ಹೊರಗೇ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಉತ್ತರವನ್ನೇ ಕವಿತೆಯಾಗಿಸಿದವರಲ್ಲಿ ಕ್ರಿಸ್ಟಿನಾ ರೊಸೆಟ್ಟಿ ಪ್ರಮುಖಳು.

ಆಕೆ 1830ರ ಡಿಸೆಂಬರ್ 5ರಂದು ಲಂಡನ್ನಿನಲ್ಲಿ ಜನಿಸಿದಳು. ತಂದೆ ಗೇಬ್ರಿಯೇಲೆ ರೊಸೆಟ್ಟಿ ರಾಜಕೀಯ ಕಾರಣಗಳಿಂದ ಇಟಲಿಯನ್ನು ತೊರೆದು ಬಂದ ಕವಿ. ಕಿಂಗ್ಸ್ ಕಾಲೇಜಿನಲ್ಲಿ ಇಟಾಲಿಯನ್ ಪ್ರಾಧ್ಯಾಪಕ. ತಂದೆಯೊಡನೆ ಇಟಾಲಿಯನ್, ತಾಯಿ ಫ್ರಾನ್ಸಿಸಳೊಡನೆ ಇಂಗ್ಲಿಷ್: ಹೀಗೆ ಎರಡು ನುಡಿಗಳ ನಡುವೆ ಬೆಳೆಯುವುದೆಂದರೇನೆಂಬುದನ್ನು ಗಡಿನಾಡಿನ ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ನಾಲ್ವರು ಮಕ್ಕಳಲ್ಲಿ ಈಕೆಯೇ ಕಿರಿಯಳು. ಅಣ್ಣಂದಿರಲ್ಲಿ ದಾಂತೆ ಗೇಬ್ರಿಯಲ್ ಚಿತ್ರಕಾರನೂ ಕವಿಯೂ ಆದನು, ವಿಲಿಯಂ ವಿಮರ್ಶಕನಾದನು. ತಾಯಿಯ ತಂದೆ ಗೇಟಾನೊ ಪೊಲಿಡೋರಿ 1847ರಲ್ಲಿ ಮೊಮ್ಮಗಳ ಕವಿತೆಗಳನ್ನು ತನ್ನ ಸ್ವಂತ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದನು. ಆಗ ಆಕೆಗೆ ಹದಿನಾರು ವರ್ಷ.

1848ರಲ್ಲಿ ಅಣ್ಣನ ಗೆಳೆಯನಾದ ಚಿತ್ರಕಾರ ಜೇಮ್ಸ್ ಕಾಲಿನ್ಸನ್ ವಿವಾಹದ ಪ್ರಸ್ತಾಪ ಮುಂದಿಟ್ಟನು. ಅವನು ರೋಮನ್ ಕ್ಯಾಥೊಲಿಕ್. ಕ್ರಿಸ್ಟಿನಾ ಆಂಗ್ಲಿಕನ್ ಪಂಥದ ನಿಷ್ಠಾವಂತೆ. ಆಕೆ ನಿರಾಕರಿಸಿದಳು. ಅವನು ಆಂಗ್ಲಿಕನ್ ಪಂಥಕ್ಕೆ ಮರಳಿದಾಗ ಒಪ್ಪಿದಳು. 1850ರಲ್ಲಿ ಮತ್ತೆ ಕ್ಯಾಥೊಲಿಕನಾದಾಗ ಸಂಬಂಧ ಮುರಿಯಿತು. ಎರಡನೆಯವನು ತಂದೆಯ ಶಿಷ್ಯನಾಗಿದ್ದ ಬಹುಭಾಷಾ ವಿದ್ವಾಂಸ ಚಾರ್ಲ್ಸ್ ಕೇಯ್ಲಿ, ದಾಂತೆಯ ಮಹಾಕಾವ್ಯವನ್ನು ಇಂಗ್ಲಿಷಿಗೆ ತಂದವನು. ಅವನನ್ನು ಆಕೆ ನಿಜವಾಗಿ ಪ್ರೀತಿಸಿದ್ದಳು. ಆದರೂ 1866ರಲ್ಲಿ, ನಂಬಿಕೆಯ ಭೇದದ ಕಾರಣದಿಂದಲೇ, ಅವನನ್ನೂ ಒಲ್ಲೆನೆಂದಳು. ಹಣವೇ ಅಡ್ಡಿಯಾದರೆ ಇಬ್ಬರೂ ತನ್ನ ಮನೆಯಲ್ಲೇ ಇರಬಹುದೆಂದು ವಿಲಿಯಂ ಹೇಳಿದರೂ ಆಕೆಯ ನಿಲುವು ಬದಲಾಗಲಿಲ್ಲ. 1883ರಲ್ಲಿ ಕೇಯ್ಲಿ ತೀರಿಕೊಳ್ಳುವವರೆಗೂ ಅವರ ಸ್ನೇಹ ಉಳಿಯಿತು. ಅವನನ್ನು ಕುರಿತು ಇಟಾಲಿಯನ್ನಿನಲ್ಲಿ ಬರೆದು ಬಚ್ಚಿಟ್ಟಿದ್ದ ಕವಿತೆಗಳು ಆಕೆಯ ಮರಣಾನಂತರವಷ್ಟೇ ಮೇಜಿನೊಳಗೆ ದೊರೆತವು. ಒಂದು ನುಡಿಯಲ್ಲಿ ಒಲ್ಲೆನೆಂದವಳು ಇನ್ನೊಂದು ನುಡಿಯಲ್ಲಿ ಒಲವನ್ನು ಕಾಪಿಟ್ಟಿದ್ದಳು.

ಈ ನಿರಾಕರಣೆಗಳ ಬೆಲೆ ಸಣ್ಣದಾಗಿರಲಿಲ್ಲ. ಮಧ್ಯಮವರ್ಗದ ಹೆಣ್ಣಿಗೆ ಅಂದು ವಿವಾಹವೇ ಜೀವನೋಪಾಯ. ತಂದೆ ಅಸ್ವಸ್ಥನಾದ ಮೇಲೆ ತಾಯಿ-ಮಗಳು ಸಣ್ಣ ಶಾಲೆ ನಡೆಸಿ ನೋಡಿದರು, ಅದು ಕೈಹಿಡಿಯಲಿಲ್ಲ. ಮುಂದೆ ವಿಲಿಯಮನ ಸಂಪಾದನೆಯನ್ನೇ ಬಹುಮಟ್ಟಿಗೆ ಅವಲಂಬಿಸಬೇಕಾಯಿತು. ವಿವಾಹವಾಗಿದ್ದರೂ ಸ್ವಾತಂತ್ರ್ಯ ದೊರೆಯುತ್ತಿತ್ತೆನ್ನುವಂತಿರಲಿಲ್ಲ. 1870ರ ಕಾಯಿದೆ ಬರುವವರೆಗೆ ಇಂಗ್ಲೆಂಡಿನಲ್ಲಿ ವಿವಾಹಿತೆಯ ದುಡಿಮೆಯ ಹಣವೂ ಕಾನೂನಿನಂತೆ ಗಂಡನದು. ಆಸ್ತಿಯ ಮೇಲೆ ಪೂರ್ಣ ಹಕ್ಕು ದೊರೆತದ್ದು 1882ರ ಕಾಯಿದೆಯಿಂದ.

1862ರಲ್ಲಿ ಮ್ಯಾಕ್‌ಮಿಲನ್ ಪ್ರಕಟಿಸಿದ ‘ಗಾಬ್ಲಿನ್ ಮಾರ್ಕೆಟ್’ ಸಂಕಲನ ಆಕೆಗೆ ಕೀರ್ತಿ ತಂದಿತು. ಶೀರ್ಷಿಕೆಯ ಕಥನಕವನದಲ್ಲಿ ಮಾಯಾಜೀವಿಗಳು ಹಣ್ಣು ಮಾರಲು ಬರುತ್ತವೆ. ಲಾರಾ ತಿಂದು ಸೊರಗುತ್ತಾಳೆ. ಸೋದರಿ ಲಿಜ್ಜಿ ಅವುಗಳ ಬಲಾತ್ಕಾರಕ್ಕೂ ತುಟಿ ತೆರೆಯದೆ ನಿಂತು ಲಾರಾಳನ್ನು ಉಳಿಸಿಕೊಳ್ಳುತ್ತಾಳೆ. ಅದೇ ಸಂಕಲನದ ‘ನೋ, ಥ್ಯಾಂಕ್ ಯೂ, ಜಾನ್’ ಕವಿತೆಯಲ್ಲಿ ಬೆನ್ನುಬಿಡದ ಪ್ರಣಯಿಗೆ ಹೆಣ್ಣು ನೇರವಾಗಿ ಉತ್ತರಿಸುತ್ತಾಳೆ: ತಾನೆಂದೂ ಮಾತು ಕೊಟ್ಟಿಲ್ಲ, ಅವನ ಬಾಡಿದ ಮುಖಕ್ಕೆ ತಾನು ಹೊಣೆಯಲ್ಲ, ಬೇಕಿದ್ದರೆ ಸ್ನೇಹವುಂಟು, ಪ್ರೇಮವಿಲ್ಲ. ಕಣ್ಣೀರಾಗಲಿ ಕ್ಷಮಾಯಾಚನೆಯಾಗಲಿ ಇಲ್ಲದ ಆ ಆಡುಮಾತಿನ ಧಾಟಿಯೇ ಅಂದಿನ ಕಾವ್ಯಕ್ಕೆ ಹೊಸತು. 1881ರ ಸಂಕಲನದ ಹದಿನಾಲ್ಕು ಸಾನೆಟ್ಟುಗಳ ಗುಚ್ಛದಲ್ಲಿ ಆಕೆ ಇನ್ನೂ ಮುಂದೆ ಹೋದಳು. ದಾಂತೆಯ ಬಿಯಾತ್ರಿಚೆ, ಪೆಟ್ರಾರ್ಕನ ಲಾರಾ ಅವರಂತೆ ಹೊಗಳಿಸಿಕೊಂಡು ಮೂಕಳಾಗಿ ಉಳಿಯದೆ, ಹೆಸರಿಲ್ಲದ ನಾಯಿಕೆಯೊಬ್ಬಳು ಅಲ್ಲಿ ತಾನೇ ಹಾಡುತ್ತಾಳೆ.

ಆದರೆ ಆಕೆಯನ್ನು ಇಂದಿನ ಸ್ತ್ರೀವಾದದ ಅಚ್ಚಿನಲ್ಲಿ ಎರಕ ಹೊಯ್ಯುವುದು ಸಲ್ಲದು. ಪತಿತೆಯರೆನಿಸಿಕೊಂಡವರಿಗಾಗಿ ಹೈಗೇಟಿನಲ್ಲಿದ್ದ ಆಶ್ರಮದಲ್ಲಿ ವರ್ಷಗಳ ಕಾಲ ಸೇವೆ ಸಲ್ಲಿಸಿದ ಈಕೆಯೇ 1889ರಲ್ಲಿ ಸ್ತ್ರೀಯರ ಮತದಾನದ ಹಕ್ಕನ್ನು ವಿರೋಧಿಸುವ ಮನವಿಗೆ ಸಹಿ ಹಾಕಿದಳು. ಆಕೆಯ ನಿರಾಕರಣೆಯ ಬೇರು ಹಕ್ಕಿನ ಹೋರಾಟದಲ್ಲಿರಲಿಲ್ಲ, ಆತ್ಮಸಾಕ್ಷಿಯಲ್ಲಿತ್ತು. ದೇವರಿಗಲ್ಲದೆ ಬೇರಾರಿಗೂ ತನ್ನನ್ನು ಒಪ್ಪಿಸಿಕೊಳ್ಳಬೇಕಾಗಿಲ್ಲವೆಂಬ ನಂಬಿಕೆಯೇ ಗಂಡಿನೆದುರು ಒಲ್ಲೆನೆನ್ನುವ ಬಲವನ್ನು ಕೊಟ್ಟಿತು.

ದೀರ್ಘಕಾಲದ ಅನಾರೋಗ್ಯದ ನಂತರ 1894ರ ಡಿಸೆಂಬರ್ 29ರಂದು ಕ್ಯಾನ್ಸರಿನಿಂದ ತೀರಿಕೊಂಡ ಆಕೆಯ ಸಮಾಧಿ ಹೈಗೇಟ್ ಸ್ಮಶಾನದಲ್ಲಿದೆ. ಕಾವ್ಯಗಳಲ್ಲಿ ನಾಯಿಕೆಯ ವರ್ಣನೆಯನ್ನು ಓದುವಾಗ, ಬಾಯಿ ಬಿಟ್ಟಿದ್ದರೆ ಆಕೆ ಏನೆನ್ನುತ್ತಿದ್ದಳೆಂದು ಕೇಳಿಕೊಳ್ಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಈ ಕವಯಿತ್ರಿಯಿಂದ ಕಲಿಯಬಹುದು.