ಹೊಗೆಯನ್ನು ದುಡಿಮೆಗೆ ಹಚ್ಚಿದ ಆಲ್ಫ್ರೆಡ್ ಬ್ಯೂಖಿ

ಲಾರಿಗಳ ಮೈಮೇಲೆ ಟರ್ಬೋ ಎಂಬ ಬರಹವನ್ನು ನಾವೆಲ್ಲರೂ ಓದಿದ್ದೇವೆ. ಆ ಸಾಧನದ ಜನಕ ಆಲ್ಫ್ರೆಡ್ ಬ್ಯೂಖಿಯವರ ಹೆಸರು ಇಂಜಿನಿಯರರ ವಲಯದಲ್ಲಿ ಮನೆಮಾತು. ಅವರು ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಎಂಬ ಕಾರ್ಖಾನೆಗಳ ಪಟ್ಟಣದಲ್ಲಿ. ತಂದೆ ಅಲ್ಲಿನ ಸುಲ್ಜರ್ ಕಾರ್ಖಾನೆಯ ಅಧಿಕಾರಿ. ಮಗ 1903ರಲ್ಲಿ ಜ್ಯೂರಿಕ್‌ನಲ್ಲಿ ಇಂಜಿನಿಯರಿಂಗ್ ಪದವಿ ಪಡೆದು, ಬೆಲ್ಜಿಯಂ, ಇಂಗ್ಲೆಂಡುಗಳಲ್ಲಿ ದುಡಿದರು.

ಇಂಜಿನ್ನಿನಲ್ಲಿ ಹುಟ್ಟುವ ಶಾಖದ ದೊಡ್ಡ ಪಾಲು ಹೊಗೆಯೊಡನೆ ವ್ಯರ್ಥವಾಗಿ ಹೊರಟುಹೋಗುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ಚಕ್ರದಿಂದ ಸಿಲಿಂಡರಿಗೆ ಗಾಳಿಯನ್ನು ಒತ್ತಿ ತುಂಬಬಾರದೇಕೆ? ಈ ವಿಚಾರಕ್ಕೆ 1905ರ ನವೆಂಬರಿನಲ್ಲಿ ಪೇಟೆಂಟ್ ಕೋರಿದಾಗ ಅವರಿಗೆ ಕೇವಲ 26 ವರ್ಷ.

ವಿಚಾರ ಸುಲಭ, ಕಾರ್ಯ ಕಠಿಣ. 1909ರಲ್ಲಿ ಸುಲ್ಜರ್ ಸೇರಿ ಡೀಸೆಲ್ ಸಂಶೋಧನೆಗೆ ಇಳಿದರು. 1915ರಲ್ಲಿ ತಯಾರಾದ ಮಾದರಿ ನಿರೀಕ್ಷಿತ ಫಲ ನೀಡಲಿಲ್ಲ. ಪೇಟೆಂಟ್ ಕೈಯಲ್ಲಿದ್ದೂ ಇಪ್ಪತ್ತು ವರ್ಷ ಕಾಯುವುದೆಂದರೆ ಸಾಮಾನ್ಯ ಮಾತಲ್ಲ.

1925ರಲ್ಲಿ ಅವರು ಪಡೆದ ಇನ್ನೊಂದು ಪೇಟೆಂಟೇ ನಿಜವಾದ ಗೆಲುವೆಂದು ನಮಗನಿಸುತ್ತದೆ. ಇಲ್ಲಿ ಅವರು ಕೈಹಾಕಿದ್ದು ವಾಲ್ವುಗಳ ಸಮಯಕ್ಕೆ. ಹೊಗೆಯ ವಾಲ್ವು ಮುಚ್ಚುವ ಮೊದಲೇ ಗಾಳಿಯ ವಾಲ್ವು ತೆರೆದು, ಸ್ವಲ್ಪ ಹೊತ್ತು ಎರಡೂ ತೆರೆದಿರಬೇಕು. ಒಳಬರುವ ಗಾಳಿಯ ಒತ್ತಡ ಹೊಗೆಯ ಒತ್ತಡಕ್ಕಿಂತ ಹೆಚ್ಚಿದ್ದರೆ, ಅದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಗುಡಿಸಿ ಹಾಕುತ್ತದೆ, ಬಿಸಿ ವಾಲ್ವನ್ನೂ ತಣಿಸುತ್ತದೆ. ಒಂದು ಸಿಲಿಂಡರಿನ ಹೊಗೆ ಇನ್ನೊಂದರ ಮೇಲೆ ನುಗ್ಗದಂತೆ ಕೊಳವೆಗಳನ್ನೂ ಬೇರ್ಪಡಿಸಿದರು. 1926ರಲ್ಲಿ ನೀರಿಗಿಳಿದ ಪ್ರಾಯ್ಸನ್, ಹನ್ಸೆಸ್ಟಾಟ್ ಡಾನ್ಜಿಗ್ ಎಂಬ ಜರ್ಮನ್ ಹಡಗುಗಳಲ್ಲಿ ಬ್ಯೂಖಿಯವರ ಟರ್ಬೋದಿಂದಾಗಿ ಇಂಜಿನ್ನಿನ ಶಕ್ತಿ 1750ರಿಂದ 2500 ಅಶ್ವಶಕ್ತಿಗೆ ಏರಿತು. ಅದೇ ವರ್ಷ ಬ್ರೌನ್ ಬೊವೆರಿ ಮೊದಲಾದ ಕಂಪನಿಗಳೊಡನೆ ಬ್ಯೂಖಿ ಸಿಂಡಿಕೇಟ್ ರೂಪುಗೊಂಡಿತು. 1938ರಲ್ಲಿ ಸೌರರ್ ಕಂಪನಿ ಟರ್ಬೋವನ್ನು ಲಾರಿಗೂ ಅಳವಡಿಸಿತು.

ವಾಲ್ವುಗಳನ್ನು ತೆರೆಯುವುದು ಕ್ಯಾಮ್ ಶಾಫ್ಟಿನ ಉಬ್ಬುಗಳು. ಗಾಳಿಯ ಉಬ್ಬಿಗೂ ಹೊಗೆಯ ಉಬ್ಬಿಗೂ ನಡುವಣ ಕೋನ ಅಗಲವಾದಷ್ಟೂ, ಎರಡೂ ವಾಲ್ವು ಒಟ್ಟಿಗೆ ತೆರೆದಿರುವ ಹೊತ್ತು ಕಡಿಮೆ. ಚಿಕ್ಕ ಟರ್ಬೋ ಹಾಕಿದ ಪೆಟ್ರೋಲ್ ಇಂಜಿನ್ನಿನಲ್ಲಿ ಹೊಗೆಯ ಒತ್ತಡವೇ ಗಾಳಿಯದ್ದನ್ನು ಮೀರುವುದುಂಟು. ಆಗ ಹೊಗೆ ಹಿಂದಕ್ಕೆ ನುಗ್ಗುತ್ತದೆ. ಆದ್ದರಿಂದ ಮೆಕ್ಯಾನಿಕರು 112ರಿಂದ 116 ಡಿಗ್ರಿಯ ಅಗಲ ಕೋನವನ್ನು ಆರಿಸುತ್ತಾರೆ. ಟರ್ಬೋ ಎಂದರೆ ಅಗಲ ಕೋನವೇ ಸರಿ ಎಂಬ ಗ್ಯಾರೇಜಿನ ತೀರ್ಪನ್ನು ಮಾತ್ರ ನಾವು ಪೂರ್ತಿ ಒಪ್ಪಲಾರೆವು. ಹೊಗೆ ಸರಾಗ ಹೊರಹೋಗುವ ದೊಡ್ಡ ಟರ್ಬೋ ಇದ್ದಲ್ಲಿ ಬ್ಯೂಖಿಯವರ ಲೆಕ್ಕವೇ ಲಾಭ. ಕೋನ ಆರಿಸುವ ಮೊದಲು ಎರಡೂ ಕಡೆಯ ಒತ್ತಡವನ್ನು ಅಳೆಯಬೇಕು.

1959ರ ಅಕ್ಟೋಬರ್ 27ರಂದು ಬ್ಯೂಖಿಯವರು ಹುಟ್ಟೂರಾದ ವಿಂಟರ್‌ಥೂರ್‌ನಲ್ಲೇ ತೀರಿಕೊಂಡರು. ಆಗ ಅವರಿಗೆ 80 ವರ್ಷ.