ಲಂಗರು ಹಾಕಿದ ಹಡಗುಗಳ ಸಾಕ್ಷಿ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನ ಸಂಗ್ರಹದಲ್ಲಿರುವ ಚಿತ್ರವೊಂದು ಬಹುಕಾಲದಿಂದ ನನ್ನನ್ನು ಕಾಡುತ್ತಿದೆ. ಅದರಲ್ಲಿ ಬಣ್ಣಗಳ ವೈಭವವಿಲ್ಲ. ಬಿಳಿಯ ಲೇಪದ ಮೇಲೆ ಮಸಿಯಲ್ಲಿ ಎಳೆದ ಗೆರೆಗಳಷ್ಟೇ. ಡಚ್ಚರ ಯುದ್ಧನೌಕೆಗಳು ಲಂಗರು ಹಾಕಿ ನಿಂತಿವೆ. ನೌಕಾಧಿಪತಿ ಡೆ ರಾಯ್ಟರ್‌ನ ಹಡಗಿನಲ್ಲಿ ಸೇನಾನಿಗಳ ಸಮಾಲೋಚನೆ ಸೇರಿದೆ. ಅದು 1666ರ ಜೂನ್ 10. ಮರುದಿನ ಇಂಗ್ಲಿಷರೊಡನೆ ಆರಂಭವಾದ ಕದನ ನಾಲ್ಕು ದಿನ ನಡೆದು, ಎರಡೂ ಕಡೆ ಸೇರಿ ಸಾವಿರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಚಿತ್ರದೊಳಗಿನ ನಾವಿಕರಿಗೆ ಆ ನಾಳೆ ತಿಳಿದಿಲ್ಲ. ನೋಡುವ ನಮಗೆ ತಿಳಿದಿದೆ.

ಇದನ್ನು ರಚಿಸಿದ ವಿಲ್ಲೆಮ್ ವಾನ್ ಡೆ ವೆಲ್ಡೆ ಕೇಳಿದ ಕಥೆಯನ್ನು ಚಿತ್ರಿಸಿದವನಲ್ಲ. ಯುದ್ಧಕ್ಕೆ ಹೊರಟ ನೌಕಾಪಡೆಯೊಂದಿಗೆ ತಾನೂ ಸಣ್ಣ ಹಡಗೊಂದರಲ್ಲಿ ಹೋಗಿ, ಕಂಡದ್ದನ್ನು ಅಲ್ಲೇ ಕಾಗದಕ್ಕೆ ಇಳಿಸುತ್ತಿದ್ದ. 1666ರಲ್ಲಿ ಆತ ಬಯಸಿದ ಕಡೆಗೆ ಅವನನ್ನು ಕರೆದೊಯ್ಯಬೇಕೆಂದು ಸ್ವತಃ ಡೆ ರಾಯ್ಟರ್ ಆಜ್ಞಾಪಿಸಿದ್ದ. 1653ರ ಸ್ಖೆವನಿಂಗನ್ ಕದನದ ಚಿತ್ರದಲ್ಲಿ ಗುಂಡಿನ ಹೊಗೆಯ ಅಂಚಿನಲ್ಲಿ ದೋಣಿಯಲ್ಲಿ ಕುಳಿತು ಬರೆಯುತ್ತಿರುವ ಕಲಾವಿದನೂ ಇದ್ದಾನೆ. ನಾನು ಅಲ್ಲಿದ್ದೆ ಎಂಬುದಕ್ಕೆ ಅದು ಅವನ ರುಜು.

1611ರಲ್ಲಿ ಲೈಡನ್‌ನಲ್ಲಿ ಹಡಗು ನಡೆಸುವವನ ಮಗನಾಗಿ ಜನಿಸಿದ ಈತ ಮುಂದೆ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ. ಪಟಗಂಬ, ಹಗ್ಗ, ಹಿಂಬದಿಯ ಕೆತ್ತನೆ, ಇವು ಅವನಿಗೆ ಅಲಂಕಾರಗಳಾಗಿರಲಿಲ್ಲ. ಒಂದು ಹಡಗನ್ನು ಇನ್ನೊಂದರಿಂದ ಬೇರ್ಪಡಿಸುವ ಮುಖಲಕ್ಷಣಗಳಾಗಿದ್ದವು. ತಂದೆಯ ಹೆಸರನ್ನೇ ಹೊತ್ತ ಮಗ ವಿಲ್ಲೆಮ್ ವರ್ಣಚಿತ್ರದಲ್ಲಿ ತಂದೆಯನ್ನೂ ಮೀರಿಸಿದ.

1672 ಹಾಲೆಂಡಿಗೆ ವಿಪತ್ತಿನ ವರ್ಷ. ಭೂಮಾರ್ಗದಲ್ಲಿ ಫ್ರೆಂಚರು, ಸಮುದ್ರದಲ್ಲಿ ಇಂಗ್ಲಿಷರು ಒಟ್ಟಾಗಿ ಮೇಲೇರಿ ಬಂದರು. ಚಿತ್ರಗಳನ್ನು ಕೊಳ್ಳುವವರಿಲ್ಲದಾದರು. ಆ ಚಳಿಗಾಲದಲ್ಲಿ ತಂದೆ-ಮಗ ಇಬ್ಬರೂ ಶತ್ರುರಾಷ್ಟ್ರವಾದ ಇಂಗ್ಲೆಂಡನ್ನು ಸೇರಿದರು. 1674ರಲ್ಲಿ ದೊರೆ ಎರಡನೆಯ ಚಾರ್ಲ್ಸ್ ತಲಾ ನೂರು ಪೌಂಡಿನ ವಾರ್ಷಿಕ ವೇತನವನ್ನು ಗೊತ್ತುಮಾಡಿದ: ತಂದೆ ನೌಕಾಯುದ್ಧಗಳನ್ನು ರೇಖಿಸಬೇಕು, ಮಗ ಅವಕ್ಕೆ ಬಣ್ಣ ತುಂಬಬೇಕು. ಗ್ರಿನಿಚ್‌ನ ಕ್ವೀನ್ಸ್ ಹೌಸ್‌ನಲ್ಲಿ ಅವರಿಗೆ ಕೆಲಸದ ಕೋಣೆಯೂ ದೊರೆಯಿತು. ಅದಕ್ಕೂ ಮೊದಲೇ, 1673ರಲ್ಲಿ, ಅರವತ್ತು ದಾಟಿದ ತಂದೆ ಇಂಗ್ಲಿಷ್ ನೌಕಾಪಡೆಯ ಕಡೆಯಿಂದ ತನ್ನದೇ ದೇಶದ ಹಡಗುಗಳ ಮೇಲಿನ ದಾಳಿಯನ್ನು ಚಿತ್ರಿಸಿದ್ದ.

ಇದು ದ್ರೋಹವೇ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಾನು ಕಂಡು ಬಲ್ಲ ನಾವಿಕರು ಎದುರು ಸಾಲಿನಲ್ಲಿ ನಿಂತಿದ್ದಾಗ ಅವನ ಕೈ ನಡುಗದೆ ಇದ್ದೀತೆ? ಆದರೆ ಅವನ ಗೆರೆಗಳಲ್ಲಿ ಪಕ್ಷ ಬದಲಾದ ಗುರುತು ನನಗೆ ಕಾಣುವುದಿಲ್ಲ. ಡಚ್ ನೌಕೆಗೆ ಸಲ್ಲಿಸಿದ ನಿಷ್ಠೆಯನ್ನೇ ಇಂಗ್ಲಿಷ್ ನೌಕೆಗೂ ಸಲ್ಲಿಸಿದ. ಬಾವುಟವನ್ನು ತೊರೆದವನು ಕಣ್ಣಿನ ಪ್ರಾಮಾಣಿಕತೆಯನ್ನು ತೊರೆಯಲಿಲ್ಲ.

ಇತಿಹಾಸವೂ ತನ್ನದೇ ವ್ಯಂಗ್ಯವನ್ನು ಸೇರಿಸಿತು. 1688ರಲ್ಲಿ ಡಚ್ ರಾಜಕುಮಾರ ವಿಲಿಯಂ ನೌಕಾಪಡೆಯೊಂದಿಗೆ ಬಂದಿಳಿದು ಮರುವರ್ಷ ಇಂಗ್ಲೆಂಡಿನ ದೊರೆಯಾದ. ಪರಸ್ಪರ ಸುಟ್ಟುಕೊಂಡ ಎರಡು ನೌಕಾಪಡೆಗಳು ಮಿತ್ರಪಡೆಗಳಾದವು. ಅದನ್ನೂ ಕಂಡ ವೃದ್ಧ ಕಲಾವಿದ 1693ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಗ್ರಿನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ತಂದೆ-ಮಗನ ಸಾವಿರಕ್ಕೂ ಹೆಚ್ಚು ರೇಖಾಚಿತ್ರಗಳಿವೆ. ಮುಳುಗಿಯೋ ಸುಟ್ಟೋ ಹೋದ ಹಡಗುಗಳ ರೂಪವನ್ನರಿಯಲು ವಿದ್ವಾಂಸರು ಅವುಗಳ ಮೊರೆ ಹೋಗುತ್ತಾರೆ. ವಿಜಯೋತ್ಸವಗಳನ್ನು ಚಿತ್ರಿಸಿದವರು ಅನೇಕರು. ಯುದ್ಧದ ಹಿಂದಿನ ದಿನ ಇನ್ನೂ ಏನೇನು ಇಡಿಯಾಗಿ ಉಳಿದಿತ್ತೆಂದು ಬರೆದಿಟ್ಟವರು ಅಪರೂಪ. ಸಮರದ ಮಾತು ಸಲೀಸಾಗಿ ಆಡುವ ಎಲ್ಲ ಕಾಲಗಳಲ್ಲೂ ಅಂಥ ಸಾಕ್ಷಿ ನಮಗೆ ಬೇಕು.